ಕೋಳಿಗೂಡಿಗೆ ಉಡ ಬರ್ತಿದೆ, ಏನ್ ಮಾಡೋದು ಸರ್?

ಪ್ರಶ್ನೆ: ನಮಸ್ಕಾರ ಸರ್, ನಮ್ದು ತಿಪಟೂರು ಹತ್ರ ತೆಂಗಿನ ತೋಟ, ಮನೆ ಹಿಂದೇನೇ ಕೋಳಿಗೂಡು. ಈಗ ಸ್ವಲ್ಪ ದಿನದಿಂದ ದೊಡ್ಡ ಉಡ ಒಂದು ಬರ್ತಾ ಇದೆ, ಬಾಲ ಸೇರಿ ಮೂರಡಿ ಮೇಲೇ ಇರಬೇಕು, ಮೊಟ್ಟೆ ಎಲ್ಲಾ ಖಾಲಿ. ನಾಗರಹಾವಿಗಿಂತ ವಿಷ ಅಂತಾರೆ, ಮನೇಲಿ ಸಣ್ಣ ಮಕ್ಕಳಿದಾರೆ. ಇದು ಎಲ್ಲಿರುತ್ತೆ, ಏನ್ ತಿನ್ನುತ್ತೆ, ಹೊಡೆದು ಹಾಕೋದಾ?

ಉತ್ತರ (ವನ್ಯಜೀವಿ ವೈದ್ಯರು): ದಯವಿಟ್ಟು ಹೊಡೀಬೇಡಿ. ನಾಗರಹಾವಿಗಿಂತ ವಿಷ ಅನ್ನೋದು ಸುಳ್ಳು, ಅದಾಗೇ ಅಟ್ಟಿಸ್ಕೊಂಡು ಬಂದು ಕಚ್ಚೋ ಪ್ರಾಣಿನೂ ಅಲ್ಲ. ಮೂಲೆಗೆ ಒತ್ತಿದ್ರೆ ಮಾತ್ರ ಮೈ ಉಬ್ಬಿಸಿ ಬುಸ್ ಅಂತದೆ, ಬಾಲದಲ್ಲಿ ಬಾರಿಸ್ತದೆ, ಹಿಡಿಯೋಕೆ ಹೋದ್ರೆ ಕಚ್ಚುತ್ತೆ. ಹಲ್ಲು ಉಗುರು ಎರಡೂ ಚೂಪು, ಹಾಗಾಗಿ ಕಚ್ಚಿಸ್ಕೊಂಡ್ರೆ ಸೋಪ್ ಹಾಕಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಇರೋದು ಹುತ್ತ, ಬಂಡೆ ಸಂದು, ಮರದ ಪೊಟರೆ, ತಾನೇ ತೋಡಿದ ಬಿಲ. ಬೆಳಿಗ್ಗೆ ಬಿಸಿಲು ಕಾಯ್ಕೊಂಡು ಮೈ ಬೆಚ್ಚಗಾದ್ಮೇಲೆ ಬೇಟೆಗೆ ಹೊರಡ್ತದೆ, ರಾತ್ರಿ ಓಡಾಡಲ್ಲ. ಮರಿಗಳು ಮರದಲ್ಲೇ ಜಾಸ್ತಿ. ದೂರದಿಂದ ನಿಂತು ನೋಡಿ, ನಾಲ್ಕು ಹೆಜ್ಜೆ ಇಡ್ತದೆ, ಸೀಳು ನಾಲಿಗೆ ಚಾಚಿ ಒಳಗೆ ಎಳ್ಕೊಳ್ತದೆ, ಮತ್ತೆ ನಾಲ್ಕು ಹೆಜ್ಜೆ. ನಾಲಿಗೆಗೆ ಅಂಟಿದ ವಾಸನೆ ಬಾಯಿ ಮೇಲ್ಭಾಗದ ಅಂಗಕ್ಕೆ ಹೋಗುತ್ತೆ, ನಿಮ್ಮ ಮೊಟ್ಟೆ ಸಿಕ್ಕಿದ್ದೂ ಹಾಗೇನೇ.

ಆದ್ರೆ ಮೊಟ್ಟೆ ಅದರ ದಿನದ ಊಟ ಅಲ್ಲ ಸರ್. ದುಂಬಿ, ಹುಳ, ಚೇಳು, ಬಸವನಹುಳ, ಏಡಿ, ಕಪ್ಪೆ, ಇಲಿ, ಸಣ್ಣ ಹಾವು, ಸತ್ತ ಪ್ರಾಣಿ ಎಲ್ಲಾ ತಿನ್ನುತ್ತೆ, ಅದ್ರಲ್ಲಿ ದುಂಬಿಗಳದ್ದೇ ದೊಡ್ಡ ಪಾಲು. ಸಗಣಿ, ತರಗೆಲೆ ಎಲ್ಲಾ ಉಗುರಲ್ಲಿ ಕೆದಕಿ ಮೂತಿ ತೂರಿಸಿ ಹುಳ ಎತ್ತುತ್ತೆ. ತೆಂಗಿನ ಸುಳಿ ಕೊರೆಯೋ ದುಂಬಿ ಮರಿ ಆಗೋದು ತಿಪ್ಪೆಯಲ್ಲೇ ಅಲ್ವಾ, ಅಂಥ ತಿಪ್ಪೆ ಕೆದಕೋ ಪ್ರಾಣಿ ತೋಟದಲ್ಲಿದ್ರೆ ತೆಂಗಿನವರಿಗೆ ಒಳ್ಳೇದೇ ತಾನೆ.

ಮರುಪ್ರಶ್ನೆ: ಸರಿ ಸರ್, ಆದ್ರೆ ಕೋಳಿಮರಿ ಹೋದ್ರೆ ನಮಗೆ ನಷ್ಟ ಅಲ್ವಾ?

ಉತ್ತರ: ನಷ್ಟ ಹೌದು, ಅದಕ್ಕೇ ಗೂಡು ಭದ್ರ ಮಾಡಿ. ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಕಿ, ಮಣ್ಣು ತೋಡಿ ನುಗ್ಗುತ್ತೆ ಅದಕ್ಕೆ ಜಾಲರಿ ಒಂದಡಿ ನೆಲದೊಳಗೂ ಇಳೀಬೇಕು, ಮೇಲೂ ಮುಚ್ಚಿ ಯಾಕಂದ್ರೆ ಚೆನ್ನಾಗಿ ಹತ್ತುತ್ತೆ. ಮೊಟ್ಟೆ ಆಗಿಂದಾಗ್ಗೆ ಎತ್ತಿ, ಕೋಳಿ ತ್ಯಾಜ್ಯ ಅಲ್ಲೇ ಬಿಸಾಕ್ಬೇಡಿ. ತಿನ್ನೋಕೆ ಸಿಗ್ಲಿಲ್ಲ ಅಂದ್ರೆ ಬೇರೆ ಕಡೆ ಹುಡುಕ್ಕೊಂಡು ಹೋಗುತ್ತೆ.

ಇನ್ನೊಬ್ಬರು: ಸರ್, ಉಡದೆಣ್ಣೆ ಕೀಲುನೋವಿಗೆ ಒಳ್ಳೇದು ಅಂತ ಸಂತೇಲಿ ಮಾರ್ತಾರಲ್ಲ?

ಉತ್ತರ: ಅದನ್ನ ನಂಬ್ಕೊಂಡೇ ಎಷ್ಟೋ ಉಡಗಳು ಸತ್ತಿದಾವೆ, ನನಗೆ ಇದೊಂದು ವಿಷಯ ಬಹಳ ಬೇಜಾರು. ಕೀಲುನೋವಿಗೆ ಡಾಕ್ಟರ್ ಇದಾರೆ. ಖಂಜಿರ ಅನ್ನೋ ಸಣ್ಣ ಚರ್ಮವಾದ್ಯಕ್ಕೂ ಹಿಂದೆ ಉಡದ ಚರ್ಮಾನೇ ಕಟ್ತಿದ್ರು, ಈಗ ಮೇಕೆ ಚರ್ಮದ್ದು ಸಿಗುತ್ತೆ. ಉಡ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್‌ನಲ್ಲಿದೆ, ಅಂದ್ರೆ ಹುಲಿ ಇರೋ ಪಟ್ಟಿಲೇ. ಹಿಡಿದ್ರೂ ಕೊಂದ್ರೂ ಮಾರಿದ್ರೂ 3ರಿಂದ 7 ವರ್ಷ ಜೈಲು.

ಮೊದಲು ಕೇಳಿದವರು: ಜಾಲರಿ ಇವತ್ತೇ ತರ್ತೀನಿ ಸರ್. ಅಕಸ್ಮಾತ್ ಮನೆಯೊಳಗೇ ಬಂದ್ರೆ?

ಉತ್ತರ: ಮಕ್ಕಳು, ನಾಯಿನ ಆಚೆ ಕರ್ಕೊಂಡು ಬಂದು ಹಿಂಬಾಗಿಲು ತೆಗೆದಿಟ್ಟು ದೂರ ನಿಲ್ಲಿ, ತಾನಾಗೇ ಹೋಗುತ್ತೆ. ಹೋಗ್ಲಿಲ್ವಾ, ಅರಣ್ಯ ಇಲಾಖೆ 1926ಕ್ಕೆ ಫೋನ್ ಮಾಡಿ.