ಅಳಿಯಾ, ಆ ನಟ್ಟಿಗೆ ಪೈಪ್ ಹಾಕಿ ಎಳೆಯಬೇಡ

ತಂಗೀ, ನಿನ್ನ ಮೆಸೇಜ್ ಈಗ ನೋಡಿದೆ. ನಿನ್ನ ಮಗ ಟೂರಿಂಗ್ ಬೈಕಿಗೆ ಹೊಸ ಸೈಲೆನ್ಸರ್ ತಂದಿಟ್ಟಿದ್ದಾನೆ, ಭಾನುವಾರ ಮನೆಯಲ್ಲೇ ಬಿಚ್ಚಿ ಹಾಕುತ್ತಾನಂತೆ, ಮುಂದಿನ ವಾರವೇ ದೂರ ಹೊರಡುತ್ತಾನಂತೆ, ಏನಾದ್ರೂ ಹೆಚ್ಚುಕಮ್ಮಿ ಆಗುತ್ತದಾ ಯಾರಾದ್ರೂ ಹೇಳಿ ಅಂತ ಕೇಳಿದ್ದೀಯ. ಅದಕ್ಕೆ ನಾಲ್ಕು ಜನ ಕೈಮುಗಿಯುವ ಚಿತ್ರ ಹಾಕಿದ್ದಾರೆ. ಒಬ್ಬರು ಹುಟ್ಟುಹಬ್ಬದ ಶುಭಾಶಯ ಹೇಳಿದ್ದಾರೆ, ಯಾರಿಗೆ ಅಂತ ಗೊತ್ತಾಗಲಿಲ್ಲ. ಉತ್ತರ ಮಾತ್ರ ಒಬ್ಬರೂ ಕೊಟ್ಟಿಲ್ಲ. ನಾನು ಟೈಪ್ ಮಾಡಲು ಕೂತರೆ ಭಾನುವಾರ ಕಳೆದುಹೋಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತೇನೆ, ಉದ್ದ ಆಗಬಹುದು. ಅಳಿಯನಿಗೂ ಕೇಳಿಸು. ಅರ್ಧ ಕೇಳಿ ಎದ್ದು ಹೋಗಲು ಬಿಡಬೇಡ.

ಇಂಜಿನ್ನಿನಿಂದ ಹೊಗೆ ಹೊರತರುವ ಬೆಂಡ್ ಪೈಪ್ ಯಾವುದು, ಅದರ ಹಿಂದೆ ಸದ್ದು ತಗ್ಗಿಸುವ ಸೈಲೆನ್ಸರ್ ಯಾವುದು ಅಂತ ನಾನು ಪಾಠ ಮಾಡಲ್ಲ. ಅಜ್ಜನ ಕೈಯ ಗ್ರೀಸ್ ನೋಡಿಕೊಂಡು ಬೆಳೆದ ಮನೆ ನಮ್ಮದು, ಅದೆಲ್ಲ ಅವನಿಗೆ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಏನಾಯ್ತು ಅನ್ನುವುದನ್ನು ಹೇಳುತ್ತೇನೆ.

1997. ನನ್ನ ನೀಲಿ ಗಾಡಿ ನಿಮಗೆಲ್ಲ ನೆನಪಿದೆಯಲ್ಲ, ಎರಡು ಸಿಲಿಂಡರಿನದು, ನೀನು ಹಿಂದೆ ಕೂತು ಸೀರೆ ಸುಟ್ಟುಕೊಂಡಿದ್ದೆ. ಆಗಲೇ ಪೈಪು ಎಷ್ಟು ಬಿಸಿ ಅಂತ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ. ನಾವು ನಾಲ್ಕು ಜನ ಒಂಬತ್ತು ದಿನದ ಪ್ರಯಾಣ ಹೊರಡುವುದಿತ್ತು. ಹೊರಡಲು ನಾಲ್ಕು ದಿನ ಇದ್ದಾಗ ನನಗೆ ಹೊಸ ಪೈಪಿನ ಹುಚ್ಚು ಹಿಡಿಯಿತು. ಹಳೆಯದು ತುಕ್ಕು ಹಿಡಿದಿತ್ತು, ಸದ್ದೂ ಸತ್ತ ಹಾಗಿತ್ತು. ಇಂಜಿನ್ನಿನ ಮೇಲ್ಭಾಗದ ಹೆಡ್‌ಗೆ ಬೆಂಡ್ ಪೈಪ್ ಸೇರುವ ಜಾಗದಲ್ಲಿ ಒಂದೊಂದು ಕಡೆ ಎರಡು ನಟ್ಟು, ಒಟ್ಟು ನಾಲ್ಕು. ಮೂರು ಬಂದವು, ಬೆಣ್ಣೆಯ ಹಾಗೆ. ನಾಲ್ಕನೆಯದು, ಎಡಗಡೆ ಒಳಭಾಗದ್ದು, ಕದಲಲಿಲ್ಲ.

ಅಲ್ಲಿಗೆ ಬಿಟ್ಟು ಎದ್ದಿದ್ದರೆ ಆಗಿತ್ತು. ಆಗ ದೊಡ್ಡ ಭಾವ ಬಂದರು. ಭಾವ ಇದೇ ಗುಂಪಿನಲ್ಲಿದ್ದಾರೆ, ಕೇಳಲಿ. "ಏನೋ, ಒಂದು ನಟ್ಟಿಗೆ ಇಷ್ಟು ಹೊತ್ತಾ, ಸ್ಪ್ಯಾನರಿಗೆ ಪೈಪ್ ಹಾಕಿ ಎಳೆ, ತಾನಾಗಿ ಬರುತ್ತದೆ" ಅಂದರು. ಅಂದು, ಮೂಲೆಯಲ್ಲಿದ್ದ ಒಂದು ಮಾರುದ್ದದ ನೀರಿನ ಪೈಪ್ ಅವರೇ ತಂದು ಕೊಟ್ಟರು. ಕೊಟ್ಟು ಹೊರಟರು. ಹಾಕಿ ಎಳೆದೆ. ನಟ್ಟು ತಿರುಗಿತು. ಬಂತು ಅಂದುಕೊಂಡೆ. ಆದರೆ ಕೈಗೆ ಒಂದು ಥರ ರಬ್ಬರ್ ಎಳೆದ ಹಾಗೆ ಅನಿಸಿತು, ಸ್ಪ್ರಿಂಗ್ ಹಾಗೆ. ಅಳಿಯಾ, ಆ ರಬ್ಬರಿನ ಅನುಭವ ಇದೆಯಲ್ಲ, ಅದನ್ನು ನೆನಪಿಟ್ಟುಕೋ. ತಿರುಗುತ್ತಿದ್ದುದು ನಟ್ಟಲ್ಲ. ಒಳಗಿನ ಸ್ಟಡ್ಡೇ, ಅಂದರೆ ಹೆಡ್ಡಿನಿಂದ ಹೊರಚಾಚಿ ನಟ್ಟನ್ನು ಹಿಡಿದಿರುವ ಥ್ರೆಡ್ಡಿನ ಕಡ್ಡಿಯೇ, ಹಗ್ಗದ ಹಾಗೆ ಹುರಿಗೊಳ್ಳುತ್ತಿತ್ತು. ಇನ್ನೊಂದು ಎಳೆತಕ್ಕೆ ಟಪ್ ಅಂತು. ನಟ್ಟು ಸಮೇತ ಅರ್ಧ ಸ್ಟಡ್ಡು ನನ್ನ ಕೈಗೆ ಬಂತು. ಉಳಿದ ಅರ್ಧ ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ಮುರಿದು ಒಳಗೇ ಉಳಿಯಿತು, ಹಿಡಿಯಲು ಒಂದು ಕೂದಲಷ್ಟೂ ಹೊರಗಿಲ್ಲ.

ನಂತರ ಮಾಡಿದ್ದು ಅದಕ್ಕಿಂತ ದೊಡ್ಡ ದಡ್ಡತನ. ನಡುವೆ ತೂತು ಕೊರೆದು ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸಿದರೆ ಬರುತ್ತದೆ ಅಂತ ಕೇಳಿದ್ದೆ. ಡ್ರಿಲ್ ಹಿಡಿದೆ. ಸ್ಟಡ್ಡು ಉಕ್ಕಿನದು, ಹೆಡ್ಡು ಅಲ್ಯೂಮಿನಿಯಂ. ಡ್ರಿಲ್ ಬಿಟ್ ಯಾವತ್ತೂ ಮೆತ್ತಗಿರುವ ಕಡೆಗೇ ಜಾರುತ್ತದೆ. ತೂತು ಸೊಟ್ಟ ಹೋಗಿ ಹೆಡ್ಡಿಗೇ ಕಚ್ಚಿತು. ಆ ಸೊಟ್ಟ ತೂತಿಗೇ ಎಕ್ಸ್‌ಟ್ರಾಕ್ಟರ್ ಹೊಡೆದು ತಿರುಗಿಸಿದೆ, ಅದೂ ಒಳಗೇ ಮುರಿಯಿತು. ಅದನ್ನು ಎಷ್ಟು ಗಟ್ಟಿ ಉಕ್ಕಿನಲ್ಲಿ ಮಾಡಿರುತ್ತಾರೆ ಅಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಕೀರಲು ದನಿ ಮಾಡಿಕೊಂಡು ಸುತ್ತುತ್ತದೆ, ಒಂದು ಚೂರೂ ಇಳಿಯಲ್ಲ. ಕೊನೆಗೆ ಹೆಡ್ಡೇ ಬಿಚ್ಚಿಸಿ ವರ್ಕ್‌ಶಾಪಿಗೆ ಹೊತ್ತುಕೊಂಡು ಹೋಗಿ, ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವ ಮಶೀನಿನಲ್ಲಿ ಅದನ್ನು ತೆಗೆಸಿ, ಕೆಟ್ಟ ಥ್ರೆಡ್ಡಿಗೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಾಗುವ ತಂತಿಯ ಸುರುಳಿ, ಹಾಕಿಸಿದ್ದು. ಎಂಟು ಮಿಲಿಮೀಟರ್ ದಪ್ಪದ ಒಂದು ಸ್ಟಡ್ಡಿಗೆ ಗಾಡಿ ಐದು ತಿಂಗಳು ಬಟ್ಟೆ ಹೊದ್ದು ಮಲಗಿತ್ತು.

ಅದಕ್ಕೇ ಹೇಳೋದು, ಸ್ಪ್ಯಾನರಿಗೆ ಪೈಪ್ ಹಾಕಿ ಉದ್ದ ಮಾಡಿ ಎಳೆಯಬೇಡ.

ಅದು ಯಾಕೆ ಹಾಗೆ ಕಚ್ಚಿಕೊಂಡಿರುತ್ತದೆ ಗೊತ್ತಾ? ಗಾಡಿ ಜೋರಾಗಿ ಓಡುವಾಗ ಅಲ್ಲಿಂದ ಹೊರಬರುವ ಹೊಗೆ 600-700 ಡಿಗ್ರಿ ದಾಟುತ್ತದೆ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ದಿನಾ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ಮೇಲಿಂದ ಮುಂದಿನ ಚಕ್ರ ಎರಚುವ ಕೆಸರು ನೀರು, ಎರಡು ಬೇರೆ ಲೋಹ ಒಂದಕ್ಕೊಂದು ತಾಗಿದ್ದರೆ ಹಿಡಿಯುವ ತುಕ್ಕು. ವರ್ಷಗಟ್ಟಲೆ ಹೀಗಾದ ಮೇಲೆ ಅದು ಬೆಸುಗೆ ಹಾಕಿದ ಹಾಗೇ. ಅಲ್ಲಿ ನಿನ್ನ ತೋಳಿನ ಬಲ ಲೆಕ್ಕಕ್ಕಿಲ್ಲ. ಬಲ ಜಾಸ್ತಿ ಇದ್ದಷ್ಟೂ ಬೇಗ ಮುರಿಯುತ್ತದೆ, ಅಷ್ಟೇ. ಇನ್ನೊಮ್ಮೆ ಹೇಳುತ್ತೇನೆ, ಪೈಪ್ ಹಾಕಿ ಎಳೆಯಬೇಡ. ಕೈಗೆ ರಬ್ಬರ್ ಅನಿಸಿತಾ, ಬಿಟ್ಟು ಎದ್ದುಬಿಡು. ಯಾರು ಪಕ್ಕದಲ್ಲಿ ನಿಂತು ಏನೇ ಹೇಳಲಿ.

ಆ ಪ್ರಯಾಣ ಏನಾಯ್ತು ಅಂತ ಯಾರೂ ಕೇಳಲ್ಲ. ಅವರು ಮೂರು ಜನ ಹೋದರು. ನನ್ನ ಗಾಡಿಯ ಹೆಡ್ಡು ಪೇಪರಿನ ಮೇಲೆ ಬಿದ್ದಿರುವಾಗ ಅವರು ಮೂರು ಜನ ಬೆಟ್ಟದ ಮೇಲೆ ಗಾಡಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಆ ಫೋಟೋಗೆ ಫ್ರೇಮ್ ಹಾಕಿಸಿ ಭಾವ ಅವರ ಹಾಲ್‌ನಲ್ಲಿ ಹಾಕಿದ್ದಾರೆ, ಮನೆಗೆ ಹೋದವರೆಲ್ಲ ನೋಡಿದ್ದೀರಿ. ಹಾಕಲಿ, ನನಗೇನು. ಆದರೆ ಮದುವೆ ಮುಂಜಿ ಅಂತ ನಾಲ್ಕು ಜನ ಸೇರಿದ ಕಡೆಯೆಲ್ಲ "ಇವನು ಮಳೆಗೆ ಹೆದರಿ ಬರಲಿಲ್ಲ" ಅಂತ ಹೇಳಿಕೊಂಡು ಬಂದಿದ್ದಾರಲ್ಲ, ಅದು ಯಾವ ನ್ಯಾಯ? ಮಳೆಗೆ ನಾನು ಯಾವತ್ತು ಹೆದರಿದ್ದೇನೆ? ನೀರಿನ ಪೈಪ್ ತಂದುಕೊಟ್ಟವರು ಯಾರು ಅಂತ ಒಂದು ದಿನ, ಒಂದೇ ದಿನ, ಅವರು ಬಾಯಿಬಿಟ್ಟು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?

ಇಷ್ಟೇ ಆಗಿದ್ದರೆ ಬಿಡು. ಅದಾದ ಮೇಲೆ ನಾನು ಬುದ್ಧಿ ಕಲಿತು ನಟ್ಟು ಎಷ್ಟು ಬಿಗಿಯಾಯಿತು ಅಂತ ತೋರಿಸುವ ಒಳ್ಳೆಯ ಟಾರ್ಕ್ ವ್ರೆಂಚ್ ತಂದೆ, ಕೆಂಪು ಡಬ್ಬಿಯದು. ಬಳಸಿದ ಮೇಲೆ ಪ್ರತಿ ಸಲ ಒರೆಸಿ, ಅದರ ಸ್ಪ್ರಿಂಗಿನ ಮೇಲೆ ಭಾರ ಇರಬಾರದು ಅಂತ ಅಳತೆ ಕೆಳಗಿಳಿಸಿ ಇಡುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ಭಾವ "ಎರಡು ದಿನಕ್ಕೆ" ಅಂತ ತೆಗೆದುಕೊಂಡು ಹೋದರು. ಎರಡು ದಿನಕ್ಕೆ! ಕಾರಿನ ಚಕ್ರದ ನಟ್ಟು ಬಿಚ್ಚಲು ಬಳಸುತ್ತಿದ್ದಾರಂತೆ. ಅದು ಬಿಗಿ ಮಾಡುವಾಗ ಅಳತೆ ನೋಡುವ ಸಾಮಾನು, ಬಿಚ್ಚುವ ಸಾಮಾನಲ್ಲ, ಹಾರೆಯೂ ಅಲ್ಲ. ಕೇಳಿದರೆ ನೀಲಿ ಟಿಕ್ ಬರುತ್ತದೆ, ಉತ್ತರ ಬರಲ್ಲ. ಅಕ್ಕನ ಮುಖ ನೋಡಿಕೊಂಡು ಸುಮ್ಮನಿದ್ದೇನೆ. ಅಕ್ಕಾ, ನಿನಗೆ ಬೇಜಾರಾಗದಿರಲಿ, ನಿನ್ನ ಮೇಲೆ ನನಗೆ ಏನೂ ಇಲ್ಲ.

ಅಯ್ಯೋ, ಮುಖ್ಯ ವಿಷಯವೇ ಬಿಟ್ಟೆ ನೋಡು.

ತಂಗೀ, ಮೊದಲು ಅವನನ್ನು ಒಂದು ಮಾತು ಕೇಳು. ಪೂರ್ತಿ ಸೆಟ್ ತಂದಿದ್ದಾನಾ, ಅಥವಾ ಹಿಂದಿನ ಸೈಲೆನ್ಸರ್ ಮಾತ್ರಾನಾ? ಸ್ಲಿಪ್ ಆನ್ ಅಂತಾರೆ ಅದಕ್ಕೆ. ಬರೀ ಹಿಂದಿನದಾದರೆ ಇಂಜಿನ್ ಹತ್ತಿರದ ನಟ್ಟು ಮುಟ್ಟುವ ಅಗತ್ಯವೇ ಇಲ್ಲ. ನಡುವೆ ಒಂದು ಕ್ಲ್ಯಾಂಪ್, ಫ್ರೇಮಿಗೆ ಹಿಡಿದಿರುವ ಬೋಲ್ಟು ಒಂದೋ ಎರಡೋ, ಅಷ್ಟೇ ಕೆಲಸ. ಹಾಗಿದ್ದರೆ ನಾನು ಇಷ್ಟು ಹೊತ್ತು ಹೇಳಿದ್ದು ಅವನಿಗೆ ಬೇಕಾಗಿಯೇ ಇರಲಿಲ್ಲ. ಇರಲಿ, ಕೇಳಿದ್ದು ವ್ಯರ್ಥ ಆಗಲ್ಲ.

ಪೂರ್ತಿ ಸೆಟ್ ಆದರೆ ಭಾನುವಾರದ ಕೆಲಸ ಇವತ್ತೇ ಶುರುವಾಗಬೇಕು. ತುಕ್ಕು ಬಿಡಿಸುವ ಎಣ್ಣೆ ನಟ್ಟಿನ ಬುಡಕ್ಕೆ ಬೆಳಿಗ್ಗೆ ಸಂಜೆ ಬಿಡಬೇಕು, ಪೈಪು ತಣ್ಣಗಿರುವಾಗ ಮಾತ್ರ, ಬಿಸಿ ಪೈಪಿನ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಬಿಚ್ಚುವಾಗ ಆರು ಮೂಲೆಯ ಸಾಕೆಟ್ ಹಾಕಲಿ, ಹನ್ನೆರಡು ಮೂಲೆಯದು ನಟ್ಟಿನ ಅಂಚು ತಿನ್ನುತ್ತದೆ. ಮೊದಲು ಒಂದು ಕೂದಲೆಳೆ ಬಿಗಿ ಮಾಡಿ ಆಮೇಲೆ ಸಡಿಲ, ಕಾಲು ಸುತ್ತು ಮುಂದೆ, ಸ್ವಲ್ಪ ಹಿಂದೆ, ಮತ್ತೆ ಎಣ್ಣೆ. ಬಂದಿಲ್ಲ ಅಂದರೆ ಶಾಖ ಕೊಟ್ಟು ಬಿಚ್ಚುವವರ ಹತ್ತಿರ ಹೋಗಲಿ, ಅವಮಾನ ಏನಿಲ್ಲ. ಹಾಕುವಾಗ ಹೊಸ ಗ್ಯಾಸ್ಕೆಟ್, ಅಂದರೆ ಪೈಪು ಹೆಡ್ಡಿಗೆ ಸೇರುವಲ್ಲಿ ಹೊಗೆ ಸೋರದಂತೆ ಇಡುವ ಬಳೆ, ಹಳೆಯದು ಒಮ್ಮೆ ಅಮುಕಿದ ಮೇಲೆ ಮುಗಿಯಿತು. ಎಲ್ಲ ಬೋಲ್ಟೂ ಮೊದಲು ಕೈಯಲ್ಲಿ ಸಡಿಲವಾಗಿ ಕೂರಿಸಿ, ಪೈಪು ತಾನಾಗಿ ನೇರ ಕೂತ ಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬರಬೇಕು. ಅಲ್ಲಿ ಹೊಗೆ ಸೋರಿದರೆ ಹೊರಗಿನ ಗಾಳಿಯೂ ಒಳಗೆ ಸೇರುತ್ತದೆ, ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅನ್ನುತ್ತದೆ. ಆ ಪಟಪಟವನ್ನೇ ಈ ಹುಡುಗರು ಶೋಕಿ ಅಂದುಕೊಳ್ಳುತ್ತಾರೆ.

ಸ್ಟಾರ್ಟ್ ಮಾಡುವುದು ಬಯಲಲ್ಲಿ. ಗ್ಯಾರೇಜ್ ಬಾಗಿಲು ಅರ್ಧ ತೆರೆದಿದೆ ಅನ್ನುವುದು ಸಾಲದು, ಹೊಗೆಯಲ್ಲಿರುವ ವಿಷದ ಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಆಮೇಲೆ ಸೈಡ್ ಬ್ಯಾಗ್ ತುಂಬಿಸಿ, ಹಿಂದೆ ಒಬ್ಬರನ್ನು ಕೂರಿಸಿ, ಪೈಪಿಗೂ ಬ್ಯಾಗಿಗೂ ಎಷ್ಟು ಜಾಗ ಉಳಿಯುತ್ತದೆ ನೋಡಲಿ, ಖಾಲಿ ಗಾಡಿಯಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಹಿಂದಿನ ಬ್ರೇಕಿನ ಹೋಸ್ ಪೈಪಿಗೆ ತಾಗಬಾರದು. ಮತ್ತೆ ಹೊರಡುವ ಹಿಂದಿನ ದಿನ ಮಾಡಬೇಡ ಅನ್ನು. ಮಾಡಿ ನೂರು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ನಟ್ಟೆಲ್ಲ ಇನ್ನೊಮ್ಮೆ ನೋಡಿ ಆಮೇಲೆ ಹೊರಡಲಿ.

ಸದ್ದಿನ ಬಗ್ಗೆಯೂ ಒಂದು ಮಾತು. ಸೈಲೆನ್ಸರಿನ ಬಾಯಲ್ಲಿ ಸದ್ದು ತಗ್ಗಿಸಲು ಕೂರಿಸಿರುವ ಡಿಬಿ ಕಿಲ್ಲರ್ ಕಿತ್ತು ಎಸೆಯಬೇಡ ಅನ್ನು. 85 ಡೆಸಿಬೆಲ್ ಸದ್ದಾದರೆ ದಿನಕ್ಕೆ 8 ಗಂಟೆ ಕಿವಿ ತಡೆಯುತ್ತದೆ ಅಂತ ಲೆಕ್ಕ, 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧ, 100ಕ್ಕೆ ಬಂದರೆ 15 ನಿಮಿಷ. ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ ಅಲ್ಲಿಯವರೆಗೆ ಹೋಗುತ್ತದೆ, ಅದರ ಮೇಲೆ ಇದೂ ಸೇರಿದರೆ ಮೂರನೇ ದಿನಕ್ಕೆ ತಲೆ ಗುಂಯ್ ಅನ್ನುತ್ತದೆ. ಪೈಪಿನ ಮೇಲೆ ರೇಸಿಗೆ ಮಾತ್ರ ಅಂತ ಅಚ್ಚು ಹಾಕಿದ್ದರೆ ಅದನ್ನು ವಾಪಸ್ ಕೊಟ್ಟು ಬರಲಿ.

ನಾನು ಭಾನುವಾರ ಬೆಳಿಗ್ಗೆ ಬರುತ್ತೇನೆ. ನಾನು ಬರುವ ತನಕ ನಾಲ್ಕನೇ ನಟ್ಟು ಮುಟ್ಟಬಾರದು. ಮತ್ತೆ ಭಾವಾ, ಬಿಗಿ ಮಾಡಲು ಅಳತೆ ಬೇಕು, ಆ ಟಾರ್ಕ್ ವ್ರೆಂಚ್ ಶನಿವಾರದೊಳಗೆ ತಂಗಿ ಮನೆಗೆ ಕಳಿಸಿಕೊಡಿ. ಕೆಂಪು ಡಬ್ಬಿ ಸಮೇತ.