ಜಿಗಿಹುಳದ್ದು ಜೊಲ್ಲೋ, ಎಂಜಲೋ?

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯ ಬತ್ತದ ರೈತರಿಗೆಂದು ಕಂದು ಜಿಗಿಹುಳದ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. "ಕೀಟದ ಲಾಲಾಗ್ರಂಥಿಯ ವಂಶವಾಹಿಗಳು" ಎಂದು ಬರೆದು ದೊಡ್ಡಪ್ಪನಿಗೆ ಓದಿ ಹೇಳಿದರೆ, "ಗ್ರಂಥಿಗೆ ಅಂಗಡೀಲಿ ಸಿಗೋ ಔಷಧಿಯೇನಪ್ಪಾ?" ಎಂದರು. ತಪ್ಪು ಅವರದಲ್ಲ ಬಿಡಿ.

ವಿಷಯ ಇಷ್ಟು. ಈ ಹುಳ ತೆಂಡೆಯ ಬುಡದಲ್ಲಿ, ನೀರಿಗಿಂತ ಚೂರು ಮೇಲೆ ಕೂತು, ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ಆಗ ಲಾಲಾಗ್ರಂಥಿಯಿಂದ, ಅಂದರೆ ಬಾಯಿಯ ರಸ ಮಾಡುವ ಅಂಗದಿಂದ, ಎರಡು ಥರದ ದ್ರವ ಬಿಡುತ್ತದೆ. ಒಂದು ಬೇಗ ಗಟ್ಟಿಯಾಗಿ ಸೂಜಿಯ ಸುತ್ತ ಕೊಳವೆ ಕಟ್ಟುತ್ತದೆ. ಇನ್ನೊಂದು ನೀರಾಗಿಯೇ ಗಿಡದೊಳಕ್ಕೆ ಇಳಿಯುತ್ತದೆ, ಗಿಡ ತನ್ನನ್ನು ಕಾಪಾಡಿಕೊಳ್ಳಲು ಹೊರಟರೆ ಅಡ್ಡಗಾಲು ಹಾಕುವ ಪ್ರೋಟೀನುಗಳು ಅದರಲ್ಲಿರುತ್ತವೆ. ಹುಳ ಎದ್ದು ಹೋದರೂ ಆ ಕೊಳವೆ ಗಿಡದಲ್ಲೇ ಉಳಿಯುತ್ತದೆ.

ಈಗ ಇದಕ್ಕೇನು ಹೇಳೋಣ? ಉಗುಳು ಅಂದರೆ ಹೊರಗೆ ಎಸೆದದ್ದು. ಜೊಲ್ಲು ತಾನಾಗಿ ಸುರಿಯುವುದು, ಹಲ್ಲು ಬರುವ ಮಗುವಿಗೆ, ಕಾಲುಬಾಯಿ ಜ್ವರ ಬಂದ ಹಸುವಿಗೆ. ಎಂಜಲು ಹಾಗಲ್ಲ, ಬಾಯಿ ತಾಗಿದ ವಸ್ತುವಿನಲ್ಲಿ ಉಳಿದುಬಿಡುವಂಥದ್ದು. "ಲೋಟ ಎಂಜಲು ಮಾಡ್ಬೇಡ, ಎತ್ತಿ ಕುಡಿ" ಅಂತ ಬೈಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕೊನೆಗೆ ದೊಡ್ಡಪ್ಪನೇ "ಹುಳ ಪೈರನ್ನ ಎಂಜಲು ಮಾಡ್ತದೆ ಅಂತ ಬರಿ" ಎಂದರು. ನನಗೂ ಅದೇ ಸರಿ ಅನಿಸುತ್ತದೆ. ಆದರೆ ಎಂಜಲೆಲೆ, ಮೈಲಿಗೆ ಎಲ್ಲ ಜೊತೆಗೆ ನೆನಪಾಗುವ ಪದ ಇದು. "ಎಂಜಲು ಗ್ರಂಥಿ" ಅಂದರೆ ಓದುವವರು ನಗುತ್ತಾರಾ? ಆ ಕೊಳವೆಗೆ "ಎಂಜಲೊರೆ" ಎಂದಿಟ್ಟಿದ್ದೇನೆ, ಕತ್ತಿಯ ಒರೆ ಇದ್ದ ಹಾಗೆ.

ವಂಶವಾಹಿಯನ್ನು ಕೈಬಿಟ್ಟೆ. ಅದು ತಲೆಮಾರಿನ ಮಾತು. ಇಲ್ಲಿ ಬೇಕಿರುವುದು ಹುಳ ಹೀರುತ್ತಿರುವಾಗ ಆ ಗ್ರಂಥಿಯಲ್ಲಿ ಯಾವುದು ಕೆಲಸ ಮಾಡುತ್ತಿದೆ ಅನ್ನುವುದು. ಸುಮ್ನೆ ಜೀನ್ ಅಂದರೆ ಸಾಕು.

ಜಾಸ್ತಿ ತಲೆನೋವು ಕೊಟ್ಟದ್ದು "ಜಿಗಿಹುಳದ ಜೀನ್" ಅನ್ನುವ ಮಾತು. 2009ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ಬಿಪಿಎಚ್14 ಇದೆಯಲ್ಲ, ಅದು ಬತ್ತದ ಜೀನ್, ಹೆಸರು ಮಾತ್ರ ಹುಳದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳದ್ದು. ಹುಳದ ಜೀನ್ ಮಾಡಿಕೊಟ್ಟ, ಅದರ ಎಂಜಲಲ್ಲಿರುವ ಒಂದು ಪ್ರೋಟೀನನ್ನು ಗುರುತು ಹಿಡಿದು ಗಿಡವನ್ನು ಎಚ್ಚರಿಸುವುದು ಈ ಬಿಪಿಎಚ್14 ಮಾಡಿಕೊಡುವ ಪ್ರೋಟೀನು ಎಂದು 2023ರಲ್ಲಿ ತೋರಿಸಿದರು. ಅಂದರೆ ಒಂದೇ ವಾಕ್ಯದಲ್ಲಿ ಎರಡೂ ಕಡೆಯ ಜೀನ್ ಬರುತ್ತವೆ, "ಹುಳದ" ಅಂದರೆ ಯಾವುದು ಅಂತ ಓದುವವರು ತಿಳಿಯಬೇಕು? ಸದ್ಯಕ್ಕೆ "ಹುಳದೊಳಗಿನ ಜೀನ್", "ಹುಳ ತಡೆಯುವ ಜೀನ್" ಎಂದು ಬರೆದಿದ್ದೇನೆ. ಎರಡನೆಯದು ಪರವಾಗಿಲ್ಲ, ಮೊದಲನೆಯದು ಯಾಕೋ ಒಗ್ಗುತ್ತಿಲ್ಲ. ಬೇರೆ ಹೊಳೆದರೆ ಹೇಳಿ, ಮಂಗಳವಾರ ಅಚ್ಚಿಗೆ ಕೊಡಬೇಕು.