ವಿಲ್ಸನ್–ಬಪ್ಪು ಪರಿಣಾಮ: ಮೂಲ ಲೇಖನ, ದತ್ತಾಂಶ ಹುಡುಕುವುದು ಹೇಗೆ?

ತಾರಾ_ರೋಹಿತ (ಪ್ರಶ್ನೆ)

ಎಂಎಸ್ಸಿ ಪ್ರಾಜೆಕ್ಟಿನ ವಿಷಯ ವಿಲ್ಸನ್–ಬಪ್ಪು ಪರಿಣಾಮ. ತಂಪು ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂ ಕೆ ರೇಖೆಯ ನಡುವೆ ಕಾಣುವ ಉತ್ಸರ್ಜನೆಯ ಅಗಲಕ್ಕೂ ನಕ್ಷತ್ರದ ನಿರಪೇಕ್ಷ ಕಾಂತಿಮಾನಕ್ಕೂ (ಅದರ ನಿಜವಾದ ಪ್ರಕಾಶದ ಅಳತೆ) ಇರುವ ಸಂಬಂಧ ಅದು. ಗೂಗಲ್‌ನಲ್ಲಿ ಹುಡುಕಿದರೆ ಕ್ಲಾಸ್ ನೋಟ್ಸ್, ಸ್ಲೈಡುಗಳೇ ಹೆಚ್ಚು. ಸಮೀಕರಣದ ಅಂಕಿಗಳೂ ಒಂದೊಂದು ಕಡೆ ಒಂದೊಂದು ಥರ ಇವೆ. ಮೂಲ ಲೇಖನ, ನಂತರದ ಮುಖ್ಯ ಲೇಖನಗಳು, ನಕ್ಷತ್ರಗಳ ದತ್ತಾಂಶ ಇವನ್ನೆಲ್ಲ ಎಲ್ಲಿಂದ ಶುರು ಮಾಡಿ ಹುಡುಕಬೇಕು? ಕಾಲೇಜಿನಲ್ಲಿ ಜರ್ನಲ್ ಚಂದಾ ಇಲ್ಲ.

ಕವಲೂರು_ದಾರಿ

ಖಗೋಳಕ್ಕೆ ಮೊದಲ ಬಾಗಿಲು ನಾಸಾದ ಎಡಿಎಸ್, ಅಂದರೆ ಖಗೋಳ ಲೇಖನಗಳನ್ನು ಹುಡುಕುವ ಉಚಿತ ತಾಣ. ಗೂಗಲ್ ಸ್ಕಾಲರ್ ಆಮೇಲೆ. ಎಡಿಎಸ್‌ನಲ್ಲಿ ಸಂಪುಟ, ಪುಟ ಗೊತ್ತಿದ್ದರೆ ಹೆಸರು ಹುಡುಕುತ್ತ ಕೂರಬೇಡಿ. ನಿಮಗೆ ಬೇಕಾದ ವಿಲ್ಸನ್, ಬಪ್ಪು ಅವರ ಮೂಲ ಲೇಖನ ಆಸ್ಟ್ರೋಫಿಸಿಕಲ್ ಜರ್ನಲ್, ಸಂಪುಟ 125, ಪುಟ 661, ವರ್ಷ 1957. ಇಷ್ಟು ಕೊಟ್ಟರೆ ನೇರ ಆ ಲೇಖನಕ್ಕೇ ಹೋಗುತ್ತೀರಿ, ಹಳೆಯ ಪುಟಗಳ ಸ್ಕ್ಯಾನ್ ಅಲ್ಲೇ ಉಚಿತ. ಬಿಬ್‌ಕೋಡ್ (ಪ್ರತಿ ಲೇಖನದ ಗುರುತಿನ ಸಂಕೇತ) ಕೈಯಾರೆ ಟೈಪ್ ಮಾಡುವುದಾದರೆ ಅದು ಸರಿಯಾಗಿ 19 ಅಕ್ಷರ ಇರಬೇಕು. ಖಾಲಿ ಜಾಗಗಳನ್ನು ಚುಕ್ಕಿಗಳು ತುಂಬುತ್ತವೆ. ಒಂದು ಚುಕ್ಕಿ ತಪ್ಪಿದರೂ ಲೇಖನ ಸಿಗುವುದಿಲ್ಲ.

ಲೇಖನದ ಪುಟ ತೆರೆದ ಮೇಲೆ ಎಡಗಡೆ ‘ಸೈಟೇಶನ್ಸ್’ ಒತ್ತಿ. ನಂತರದ ಕೆಲಸವೆಲ್ಲ ಅಲ್ಲಿದೆ. ‘ರೆಫರೀಡ್’ (ತಜ್ಞರು ಪರಿಶೀಲಿಸಿದವು ಮಾತ್ರ) ಸೋಸು ಹಾಕಿ, ಒಮ್ಮೆ ಉಲ್ಲೇಖಗಳ ಸಂಖ್ಯೆಯ ಪ್ರಕಾರ, ಇನ್ನೊಮ್ಮೆ ಹೊಸತರಿಂದ ಹಳೆಯದಕ್ಕೆ ಜೋಡಿಸಿ. ಒಂದೇ ಜೋಡಣೆ ನೋಡಿ ನಿಲ್ಲಿಸಿದರೆ ಇತ್ತೀಚಿನ ತಿದ್ದುಪಡಿಗಳು ಕಣ್ತಪ್ಪುತ್ತವೆ. ಭೌತಿಕ ಕಾರಣಕ್ಕೆ ಏರ್ಸ್ ಬರೆದ 1979ರ ಲೇಖನ (ಅದೇ ಜರ್ನಲ್, ಸಂಪುಟ 228, ಪುಟ 509) ಬಿಡಬೇಡಿ. ಈ ಉತ್ಸರ್ಜನೆ ಹುಟ್ಟುವ ವರ್ಣಗೋಳದ (ನಕ್ಷತ್ರದ ಹೊರ ವಾತಾವರಣದ ಪದರ) ಹಿನ್ನೆಲೆಗೆ ಲಿನ್ಸ್ಕಿ 2017ರ ಆನ್ಯುವಲ್ ರಿವ್ಯೂ ಸಂಪುಟ 55ರಲ್ಲಿ ಬರೆದ ವಿಮರ್ಶಾ ಲೇಖನ ಓದಿ. ನನ್ನ ಮಟ್ಟಿಗೆ ಆ ವಿಮರ್ಶೆಯನ್ನೇ ಎಲ್ಲಕ್ಕಿಂತ ಮೊದಲು ಓದಬೇಕು, ಇಲ್ಲದಿದ್ದರೆ 1957ರ ಭಾಷೆ ಅರ್ಥವಾಗುವುದು ಕಷ್ಟ.

ತಾರಾ_ರೋಹಿತ

ತುಂಬಾ ಉಪಯೋಗವಾಯಿತು ಸರ್. ಬಪ್ಪು ಅವರ ಬೇರೆ ಲೇಖನಗಳೂ ಬೇಕು. ಹೆಸರಿನಿಂದ ಹುಡುಕುವುದು ಹೇಗೆ? ಲೇಖನಗಳ ಕರಡು ಹಾಕುವ ಆರ್ಕೈವ್‌ (arXiv) ತಾಣದಲ್ಲೂ ನೋಡಬೇಕಾ?

ಕವಲೂರು_ದಾರಿ

ದಕ್ಷಿಣದವರ ಹೆಸರಿನ ತೊಡಕು ಇದು. ‘ಬಪ್ಪು, ಎಂ. ಕೆ. ವಿ.’ ಮತ್ತು ‘ವೈನು ಬಪ್ಪು, ಎಂ. ಕೆ.’ ಎರಡೂ ರೂಪ ಬಳಕೆಯಲ್ಲಿವೆ. ಎರಡನ್ನೂ ಬೇರೆ ಬೇರೆಯಾಗಿ ಹಾಕಿ, ನಡುವೆ ‘ಆರ್’ ಪದ ಇಟ್ಟು ಹುಡುಕಿ. ಮೊದಲ ಲೇಖಕರಾಗಿರುವುದು ಮಾತ್ರ ಸಾಕು ಎಂದರೆ ಹೆಸರಿನ ಮುಂದೆ ^ ಚಿಹ್ನೆ ಹಾಕಬೇಕು. ಆದರೆ 1957ರದ್ದರಲ್ಲಿ ವಿಲ್ಸನ್ ಮೊದಲಿಗರು, ಆ ಚಿಹ್ನೆ ಹಾಕಿದರೆ ಅದು ಬಿಟ್ಟುಹೋಗುತ್ತದೆ.

ಆರ್ಕೈವ್ ಶುರುವಾದದ್ದು 1991ರಲ್ಲಿ, ಖಗೋಳಭೌತ ವಿಭಾಗ 1992ರಲ್ಲಿ. ಹಾಗಾಗಿ ಬಪ್ಪು ಅವರ ಕಾಲದ ಲೇಖನಗಳನ್ನು ಅಲ್ಲಿ ಹುಡುಕಿ ಫಲವಿಲ್ಲ. ಹೊಸದಕ್ಕೆ ಒಳ್ಳೆಯದೇ, ಆದರೆ ಅಲ್ಲಿ ಹಾಕುವಾಗ ತಜ್ಞರ ಪರಿಶೀಲನೆ ಇರುವುದಿಲ್ಲ. ‘ಕಾಮೆಂಟ್ಸ್’ ಸಾಲಿನಲ್ಲಿ ಜರ್ನಲ್ ಒಪ್ಪಿದೆಯೇ ನೋಡಿ. ಒಂದಕ್ಕಿಂತ ಹೆಚ್ಚು ಆವೃತ್ತಿ ಇದ್ದರೆ ಕೊನೆಯದನ್ನೇ ಓದಿ.

ಪಟ್ಟಿ_ಓದುವವಳು

ದತ್ತಾಂಶದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಪ್ರಾಜೆಕ್ಟುಗಳು ಎಡವುವುದು ಇಲ್ಲೇ.

ಸ್ಟ್ರಾಸ್‌ಬರ್ಗ್‌ನ ಸಿಂಬಾಡ್ ಎಂಬ ನಕ್ಷತ್ರ ದತ್ತಾಂಶದ ತಾಣದಲ್ಲಿ ನಕ್ಷತ್ರದ ಹೆಸರು ಕೊಟ್ಟರೆ ಪ್ಯಾರಲಾಕ್ಸ್ (ದೂರ ಲೆಕ್ಕ ಹಾಕಲು ಬಳಸುವ ಕೋನ) ಬರುತ್ತದೆ, ಪಕ್ಕದಲ್ಲೇ ಅದು ಯಾವ ಲೇಖನದ್ದೆಂಬ ಬಿಬ್‌ಕೋಡ್ ಇರುತ್ತದೆ. ಸಿಂಬಾಡ್ ಅನ್ನು ಆಕರವೆಂದು ಬರೆದು ಮುಗಿಸಬೇಡಿ, ಆ ಬಿಬ್‌ಕೋಡಿನ ಲೇಖನವನ್ನೇ ಉಲ್ಲೇಖಿಸಿ. ಲೇಖನಗಳ ಇಡೀ ಪಟ್ಟಿಗಳನ್ನು ಇಳಿಸಿಕೊಳ್ಳಲು ವಿಝಿಯರ್ ತಾಣ. ಅಲ್ಲಿ ತಾನಾಗಿ 50 ಸಾಲು ಮಾತ್ರ ಕೊಡುವ ಮಿತಿ ಇದೆ. ಅದನ್ನು ಬದಲಿಸದೆ ಇಳಿಸಿಕೊಂಡು, ಪಟ್ಟಿ ಅಷ್ಟೇ ಎಂದುಕೊಂಡು ಗ್ರಾಫ್ ಎಳೆದರೆ ಕೆಲಸವೆಲ್ಲ ಹಾಳು. ‘ರೀಡ್‌ಮಿ’ ಫೈಲಿನಲ್ಲಿ ಪ್ರತಿ ಕಾಲಮ್ಮಿನ ಏಕಮಾನ (ಯೂನಿಟ್) ಬರೆದಿರುತ್ತಾರೆ, ಓದಿ. ಈ ಪರಿಣಾಮದಲ್ಲಿ ಅಗಲ ಸೆಕೆಂಡಿಗೆ ಕಿಲೋಮೀಟರಿನಲ್ಲಿದೆಯೋ ಆಂಗ್‌ಸ್ಟ್ರಾಮಿನಲ್ಲಿದೆಯೋ ಎನ್ನುವುದು ಮುಖ್ಯ. ಕೆ ರೇಖೆಯ ಬಳಿ 1 ಆಂಗ್‌ಸ್ಟ್ರಾಂ ಎಂದರೆ ಸುಮಾರು 76 ಕಿ.ಮೀ./ಸೆ.

ಪ್ಯಾರಲಾಕ್ಸ್‌ಗೆ ಗೈಯಾ ಉಪಗ್ರಹದ ಮೂರನೆಯ ದತ್ತಾಂಶ ಬಿಡುಗಡೆ (ಡಿಆರ್3) ಒಂದೇ ಸಾಲದು. ಸುಮಾರು 3ನೇ ಕಾಂತಿಮಾನಕ್ಕಿಂತ ಪ್ರಕಾಶವಾದ ನಕ್ಷತ್ರಗಳು ಅದಕ್ಕೆ ಕಷ್ಟ, ನಿಮ್ಮ ಪಟ್ಟಿಯಲ್ಲಿ ಬರುವುದು ಅಂಥವೇ. ಅವಕ್ಕೆ ಹಿಂದಿನ ಹಿಪಾರ್ಕಸ್ ಉಪಗ್ರಹದ ದತ್ತಾಂಶದ 2007ರ ಮರುಲೆಕ್ಕ ಬಳಸಿ, ವಿಝಿಯರ್‌ನಲ್ಲಿ ಅದರ ಸಂಖ್ಯೆ ಐ/311. ಪ್ಯಾರಲಾಕ್ಸ್‌ನಲ್ಲಿ 10% ದೋಷವಿದ್ದರೆ ಕಾಂತಿಮಾನದಲ್ಲಿ ಸುಮಾರು 0.22 ದೋಷ ಬರುತ್ತದೆ. ಎಷ್ಟು ದೋಷಕ್ಕಿಂತ ಹೆಚ್ಚಿರುವ ನಕ್ಷತ್ರಗಳನ್ನು ಕೈಬಿಟ್ಟಿರಿ ಎಂದು ವರದಿಯಲ್ಲಿ ಬರೆಯಿರಿ.

ಸಮೀಕರಣದ ಅಂಕಿಗಳು ಬೇರೆ ಬೇರೆ ಇರುವುದಕ್ಕೂ ಇದೇ ಕಾರಣ. ಆರಿಸಿದ ನಕ್ಷತ್ರಗಳು ಬೇರೆ, ಪ್ಯಾರಲಾಕ್ಸ್ ಬೇರೆ, ಉಪಕರಣದಿಂದ ರೇಖೆ ಅಗಲವಾಗುವುದನ್ನು ಕಳೆಯುವ ರೀತಿಯೂ ಬೇರೆ. ವಾಲರ್‌ಸ್ಟೈನ್ ಮತ್ತಿತರರ 1999ರ ಲೇಖನ, ಪಾಚೆ, ಪಾಸ್ಕ್ವಿನಿ, ಓರ್ತೊಲಾನಿ ಅವರ 2003ರ ಲೇಖನ (ಆಸ್ಟ್ರಾನಮಿ ಅಂಡ್ ಆಸ್ಟ್ರೋಫಿಸಿಕ್ಸ್, ಸಂಪುಟ 401, ಪುಟ 997) ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಯಾವ ಸೂತ್ರ ತೆಗೆದುಕೊಂಡರೂ ಅಗಲ ಅಳೆಯುವ ವಿಧಾನವನ್ನೂ ಅದೇ ಲೇಖನದಿಂದ ತೆಗೆದುಕೊಳ್ಳಿ.

ಗ್ರಂಥಾಲಯ_ಮೇಜು

ಚಂದಾ ಇಲ್ಲದಿದ್ದರೂ ಹೆಚ್ಚಿನದು ಸಿಗುತ್ತದೆ. ಆಸ್ಟ್ರೋಫಿಸಿಕಲ್ ಜರ್ನಲ್ 2022ರಿಂದ, ಬ್ರಿಟನ್ನಿನ ರಾಯಲ್ ಆಸ್ಟ್ರಾನಮಿಕಲ್ ಸೊಸೈಟಿಯ ಜರ್ನಲ್ ಎಂಎನ್‌ಆರ್‌ಎಎಸ್ 2024ರಿಂದ ಪೂರ್ತಿ ಮುಕ್ತ. 1980ರಲ್ಲಿ ಆರಂಭವಾದ ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಆಸ್ಟ್ರಾನಮಿಯ ಹಳೆಯ ಸಂಚಿಕೆಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ತಾಣ ನೋಡಿ. ಕೊಡೈಕನಾಲ್ ವೀಕ್ಷಣಾಲಯದ ಬುಲೆಟಿನ್‌ಗಳು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಡಿಜಿಟಲ್ ಸಂಗ್ರಹದಲ್ಲಿವೆ. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ತಾಣ. ನಿಮ್ಮದು ಸರ್ಕಾರಿ ಕಾಲೇಜಾದರೆ 2025ರ ಜನವರಿಯಿಂದ ನಡೆಯುತ್ತಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಹೆಸರಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ.